ವಕೀಲರಿಗೆ ಐದು ನಕ್ಷತ್ರ: ಯಾರ ಮಾತು ನಂಬಿ ವಕಾಲತ್ತಿಗೆ ಸಹಿ ಹಾಕುವುದು?

ಮೊಬೈಲಿನಲ್ಲಿ ‘ಹತ್ತಿರದ ಸಿವಿಲ್ ವಕೀಲರು’ ಎಂದು ಹುಡುಕಿದರೆ ಬರುವ ಪಟ್ಟಿಯಲ್ಲಿ ಬಹುತೇಕ ಎಲ್ಲರಿಗೂ 4.7, 4.8, 4.9. ಮೂರಕ್ಕೆ ಇಳಿದವರು ಅಪರೂಪ. ನ್ಯಾಯಾಲಯದಲ್ಲಿ ಪ್ರತಿ ದಾವೆಗೂ ಎರಡು ಪಕ್ಷಗಳಿರುತ್ತವೆ, ತೀರ್ಪಿನ ದಿನ ಒಂದಾದರೂ ಮುಖ ಬಾಡಿಸಿಕೊಂಡು ಹೊರಬರಬೇಕು. ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಕೋರ್ಟು ಹತ್ತಿದವರ ಬಗ್ಗೆ ನಮ್ಮಲ್ಲಿ ಗಾದೆಯೇ ಇದೆ. ಹಾಗಿದ್ದೂ ಆ ಪಟ್ಟಿಯಲ್ಲಿ ಎಲ್ಲ ಕಕ್ಷಿದಾರರೂ ಸಂತೃಪ್ತರು. ಅಂದ ಮೇಲೆ ಆ ಅಂಕಿ ಗೆಲುವು ಸೋಲನ್ನು ಬಿಟ್ಟು ಇನ್ನೇನನ್ನೋ ಅಳೆಯುತ್ತಿರಬೇಕು.

ಅದು ಅಳೆಯುವುದು ವಕೀಲರು ಕಕ್ಷಿದಾರರನ್ನು ನಡೆಸಿಕೊಂಡ ರೀತಿಯನ್ನು. ಫೋನ್ ಎತ್ತಿದರೇ, ಫೀಸನ್ನು ಮೊದಲೇ ಹೇಳಿದರೇ, ಕಚೇರಿಯಲ್ಲಿ ಎರಡು ಗಂಟೆ ಕಾಯಿಸಿದರೇ ಎಂಬುದನ್ನು. ಇದು ಸಣ್ಣ ವಿಷಯವೇನೂ ಅಲ್ಲ. ಆದರೆ ಕೇಸು ನಡೆಸುವ ಕೈ ಹೇಗಿದೆ ಎಂಬುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಬೇರೆ ಕಡೆ ಇದೆ, ಅದೂ ಅದೇ ಮೊಬೈಲಿನಲ್ಲಿ, ಕಾಸು ಖರ್ಚಿಲ್ಲದೆ ಸಿಗುತ್ತದೆ. ನೋಡುವವರು ಕಡಿಮೆ.

ನಕ್ಷತ್ರದ ತಾಣಗಳು

ವಿಮರ್ಶೆ ಬರೆಯುವವರು ಯಾರು, ಯಾವಾಗ ಬರೆಯುತ್ತಾರೆ ಎಂದು ಮೊದಲು ಯೋಚಿಸಬೇಕು. ಬಾಡಿಗೆ ಕರಾರು ಬರೆಸಿಕೊಂಡವರು, ಲೀಗಲ್ ನೋಟಿಸ್ ಕಳುಹಿಸಿದವರು, ಪರಸ್ಪರ ಒಪ್ಪಿಗೆಯ ವಿಚ್ಛೇದನ ಮುಗಿಸಿಕೊಂಡವರು, ಮಗನಿಗೆ ಜಾಮೀನು ಸಿಕ್ಕ ಸಂಜೆಯ ತಂದೆ ತಾಯಿ. ಇವರೆಲ್ಲರದ್ದೂ ಬೇಗ ಮುಗಿದ ಕೆಲಸ. ಪಾಲಿನ ದಾವೆ ಹೂಡಿ ಹತ್ತು ವರ್ಷದಿಂದ ವಾಯಿದೆಗೆ ಅಲೆಯುತ್ತಿರುವವರು ಗೂಗಲ್‌ನಲ್ಲಿ ನಕ್ಷತ್ರ ಒತ್ತುವುದಿಲ್ಲ; ಕೇಸು ಅವರ ವಕೀಲರ ಕೈಯಲ್ಲಿರುವಾಗ ಒತ್ತುವ ಧೈರ್ಯವೂ ಇರುವುದಿಲ್ಲ. ಹೀಗಾಗಿ ಈ ತಾಣಗಳು ಸಣ್ಣ, ಚುಟುಕು ಕೆಲಸಗಳ ಮಟ್ಟಿಗೆ ಸಾಕಷ್ಟು ನಂಬಿಕಸ್ಥ ಸಾಕ್ಷಿ. ದೀರ್ಘ ಹೋರಾಟದ ಮಟ್ಟಿಗೆ ಸಾಕ್ಷಿಯೇ ಅಲ್ಲ.

ಓದುವ ಕ್ರಮವೂ ಬೇರೆಯಾಗಬೇಕು. ‘ಬೆಂಗಳೂರಿನ ಅತ್ಯುತ್ತಮ ವಕೀಲರು, ತುಂಬಾ ಸಹಕಾರ’ ಎಂಬ ಎರಡು ಸಾಲಿನ ಹೊಗಳಿಕೆಯನ್ನು ದಾಟಿಬಿಡಿ. ಒಂದೇ ವಾರದಲ್ಲಿ ಇಂಥ ಹತ್ತು ಬಂದಿದ್ದರೆ, ಬರೆದವರ ಖಾತೆಯಲ್ಲಿ ಬೇರೆ ಒಂದೂ ವಿಮರ್ಶೆ ಇಲ್ಲದಿದ್ದರೆ, ಆ ಪುಟವನ್ನೇ ದಾಟಿ. ಬೈಗುಳವನ್ನೂ ಹಾಗೆಯೇ ತೂಗಿ ನೋಡಬೇಕು. ಬರೆದವರು ನಿಜವಾಗಿ ಕಕ್ಷಿದಾರರೋ, ಎದುರು ಪಕ್ಷದವರೋ ಎಂದು ತಿಳಿಯುವ ವ್ಯವಸ್ಥೆ ಹೆಚ್ಚಿನ ತಾಣಗಳಲ್ಲಿ ಇಲ್ಲ. ಉಪಯೋಗಕ್ಕೆ ಬರುವುದು ಮಧ್ಯದ ಮೂರು ನಕ್ಷತ್ರದವರ ಮಾತು. ‘ಕೆಲಸ ಆಯಿತು, ಆದರೆ ವಾಯಿದೆಗೆ ಪ್ರತಿ ಸಲ ಬೇರೆ ಬೇರೆ ಕಿರಿಯರು ಬಂದರು’, ‘ಮೂಲ ಪತ್ರ ವಾಪಸ್ ಪಡೆಯಲು ಓಡಾಡಬೇಕಾಯಿತು’, ‘ಫೀಸು ಎರಡು ಸಲ ಏರಿತು, ರಸೀದಿ ಕೊಡಲಿಲ್ಲ’ ಎಂಬಂಥ ವಿವರಗಳು ಬಾಯಿಮಾತಿನಲ್ಲಿಯೂ ಸಿಗುವುದಿಲ್ಲ.

ಟೀಕೆಗೆ ವಕೀಲರು ಕೊಟ್ಟ ಉತ್ತರವಿದ್ದರೆ ಅದನ್ನು ಕಡ್ಡಾಯವಾಗಿ ಓದಿ. ಕಕ್ಷಿದಾರರು ಹೇಳಿಕೊಂಡ ವಿಷಯವನ್ನು ಹೊರಗೆ ಬಿಡಬಾರದು ಎಂಬುದು ವಕೀಲರ ಮೇಲಿರುವ ಕಾನೂನಿನ ಕಟ್ಟು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಮು ಅದನ್ನು ಹೇಳುತ್ತದೆ. ‘ನಿಮ್ಮ ಮೇಲೆ ಇಂಥ ಆರೋಪವಿತ್ತು, ನೀವೇ ಸುಳ್ಳು ಹೇಳಿದ್ದಿರಿ’ ಎಂದು ಸಾರ್ವಜನಿಕವಾಗಿ ಬಿಚ್ಚಿಡುವ ವಕೀಲರು ನಾಳೆ ನಿಮ್ಮ ಮನೆಯ ಸುದ್ದಿಯನ್ನೂ ಹಾಗೆಯೇ ಬಿಚ್ಚಿಡಬಹುದು. ನನ್ನ ಲೆಕ್ಕದಲ್ಲಿ ಇದೊಂದೇ ಸಾಕು, ಆ ಹೆಸರನ್ನು ಪಟ್ಟಿಯಿಂದ ತೆಗೆಯಲು.

ಇನ್ನು ಪಟ್ಟಿಯಲ್ಲಿ ಮೇಲೆ ಬರುವುದರ ಗುಟ್ಟು. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿಯ ನಂತರ ಸ್ವಂತ ಜಾಲತಾಣದಲ್ಲಿ ಹೆಸರು, ವಿಳಾಸ, ಸನ್ನದಿನ (ವಕೀಲಿ ನೋಂದಣಿಯ) ಸಂಖ್ಯೆ, ವಿದ್ಯಾರ್ಹತೆ, ಯಾವ ವಿಭಾಗದಲ್ಲಿ ವೃತ್ತಿ ಎಂಬಷ್ಟು ಹಾಕಿಕೊಳ್ಳಲು ಅವಕಾಶವಿದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಕ್ವಿಕರ್, ಸುಲೇಖಾ, ಜಸ್ಟ್ ಡಯಲ್‌ನಂಥ ತಾಣಗಳ ಮೂಲಕ ವಕೀಲರು ಕೆಲಸ ಕೋರುವುದನ್ನು ತಡೆಯಬೇಕೆಂದು ಪರಿಷತ್ತಿಗೆ ನಿರ್ದೇಶಿಸಿತು. ವಕೀಲರಿಗೆ ಅಂಕ, ಬ್ರ್ಯಾಂಡು ಅಂಟಿಸುವ ಸಂಸ್ಕೃತಿಯನ್ನೇ ಕಟುವಾಗಿ ಟೀಕಿಸಿತು. ಕಕ್ಷಿದಾರರೊಬ್ಬರು ತಾವಾಗಿಯೇ ಬರೆದ ಅಭಿಪ್ರಾಯಕ್ಕೂ ವಕೀಲರು ಹಣ ತೆತ್ತು ಪಡೆದ ಮೇಲಿನ ಸಾಲಿಗೂ ಅಂತರವಿದೆ ಎಂದು ನಾನು ಭಾವಿಸುತ್ತೇನೆ. ಆದರೆ ‘ಪ್ರಾಯೋಜಿತ’, ‘ಪ್ರೀಮಿಯಂ’ ಎಂಬ ಗುರುತು ಕಂಡರೆ ಅದು ಅರ್ಹತೆಯ ಗುರುತಲ್ಲ, ನಿಯಮದ ಅಂಚಿನಲ್ಲಿ ನಡೆಯುತ್ತಿರುವವರ ಗುರುತು ಎಂದಿಟ್ಟುಕೊಳ್ಳಿ.

ಸುಳ್ಳು ವಿಮರ್ಶೆಗಳ ಹಾವಳಿ ತಡೆಯಲು 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಐಎಸ್ 19000 ಎಂಬ ಮಾನದಂಡ ಹೊರತಂದಿತು. ತಾಣಗಳು ಅದನ್ನು ಐಚ್ಛಿಕವಾಗಿ ಪಾಲಿಸಬೇಕೆಂದು ಬಿಟ್ಟದ್ದರಿಂದ ಓದುಗರಿಗೆ ಅದರ ರಕ್ಷೆ ಅಷ್ಟಕ್ಕಷ್ಟೇ.

ಪರಿಚಯದವರ ಶಿಫಾರಸು

ಭಾವನೋ, ಸಹೋದ್ಯೋಗಿಯೋ ಹೇಳಿದ ಹೆಸರಿಗೆ ತಾಣದ ನಕ್ಷತ್ರಕ್ಕಿಲ್ಲದ ಒಂದು ಅನುಕೂಲವಿದೆ: ಮರುಪ್ರಶ್ನೆ ಕೇಳಬಹುದು. ನಿಮ್ಮದು ಯಾವ ಬಗೆಯ ಕೇಸಾಗಿತ್ತು? ಪಾಟೀಸವಾಲು ಅವರೇ ಮಾಡಿದರೋ, ಕಿರಿಯರೋ? ಮೊದಲು ಹೇಳಿದ್ದೆಷ್ಟು, ಕೊನೆಗೆ ಆದದ್ದೆಷ್ಟು? ಕೇಸಿನ ದುರ್ಬಲ ಭಾಗವನ್ನು ನಿಮಗೆ ಮೊದಲೇ ಹೇಳಿದ್ದರೇ? ಈ ನಾಲ್ಕಕ್ಕೆ ಉತ್ತರ ಬಂದರೆ ಆ ಶಿಫಾರಸಿಗೆ ಬೆಲೆಯಿದೆ. ‘ತುಂಬಾ ಒಳ್ಳೆಯವರು, ನಮ್ಮ ಊರಿನ ಕಡೆಯವರು’ ಎಂಬಲ್ಲಿಗೆ ಮಾತು ನಿಂತರೆ ಬೆಲೆಯಿಲ್ಲ.

ಸಣ್ಣ ಊರಿನಲ್ಲಿ ಇನ್ನೊಂದು ತೊಡಕು. ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಿಮ್ಮ ದಾಯಾದಿಯ ಹಳೆಯ ಕೇಸು ನಡೆಸಿದವರನ್ನೇ ನಿಮಗೂ ಯಾರೋ ಸೂಚಿಸಿರಬಹುದು. ‘ಎದುರು ಪಕ್ಷದವರಿಗೆ ನೀವು ಎಂದಾದರೂ ಹಾಜರಾಗಿದ್ದೀರಾ?’ ಎಂದು ನೇರವಾಗಿ ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಪತ್ರ ಬರಹಗಾರರು, ನಿವೇಶನದ ಮಧ್ಯವರ್ತಿಗಳು, ಆಸ್ಪತ್ರೆಯ ಬಾಗಿಲಲ್ಲಿ ಅಪಘಾತದ ಗಾಯಾಳುವಿನ ಕಡೆಯವರಿಗೆ ಕಾರ್ಡು ಕೊಡುವವರು ಹೇಳುವ ಹೆಸರುಗಳನ್ನು ಶಿಫಾರಸು ಎನ್ನಲಾಗದು, ಅಲ್ಲಿ ಸಾಮಾನ್ಯವಾಗಿ ಕಮಿಷನ್ ಇರುತ್ತದೆ. ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಡುವ 45ಎ ಕಲಮು 2023ರ ತಿದ್ದುಪಡಿಯಲ್ಲಿ ವಕೀಲರ ಅಧಿನಿಯಮಕ್ಕೆ ಸೇರಿತು.

ನ್ಯಾಯಾಲಯದ ದಾಖಲೆ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಸಮಯ ಕಳೆಯಬೇಕಾದದ್ದು ಇಲ್ಲಿ. ಇ-ಕೋರ್ಟ್ಸ್ ಜಾಲತಾಣ ಮತ್ತು ಅದರ ಮೊಬೈಲ್ ಆ್ಯಪ್‌ನಲ್ಲಿ ಕೇಸಿನ ಸಂಖ್ಯೆ, ಪಕ್ಷಕಾರರ ಹೆಸರುಗಳಿಂದ ಹುಡುಕುವಂತೆಯೇ ವಕೀಲರ ಹೆಸರಿನಿಂದಲೂ ಹುಡುಕಬಹುದು. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ‘ಅಡ್ವೊಕೇಟ್’ ಎಂಬಲ್ಲಿ ಹೆಸರು ಹಾಕಿದರೆ ಅವರು ಹಾಜರಾಗಿರುವ ಪ್ರಕರಣಗಳ ಪಟ್ಟಿ ಬರುತ್ತದೆ. ಬಾಕಿ ಇರುವುದು, ವಿಲೇವಾರಿ ಆದದ್ದು ಎರಡೂ. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕೇಸಿನಲ್ಲಿ ಒಂದೊಂದು ಥರ ಇರುತ್ತದೆ, ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ. ಸನ್ನದಿನ ಸಂಖ್ಯೆ ಸಿಕ್ಕರೆ ಅದರಿಂದ ಹುಡುಕುವುದು ಲೇಸು. ಕರ್ನಾಟಕದಲ್ಲಿ ಅದು ‘ಕೆಎಆರ್’ ಎಂದು ಆರಂಭವಾಗಿ, ಕ್ರಮಸಂಖ್ಯೆ, ನೋಂದಣಿಯ ವರ್ಷದೊಂದಿಗೆ ಮುಗಿಯುತ್ತದೆ.

ಪಟ್ಟಿ ಬಂದ ಕೂಡಲೇ ಗೆಲುವಿನ ಶೇಕಡಾವಾರು ಲೆಕ್ಕ ಹಾಕಲು ಕೂರಬೇಡಿ. ಗೆಲ್ಲುವ ಕೇಸುಗಳನ್ನು ಮಾತ್ರ ಹಿಡಿಯುವವರಿದ್ದಾರೆ. ಸೋಲುವ ಕೇಸಿನಲ್ಲಿ ಕಕ್ಷಿದಾರನ ನಷ್ಟವನ್ನು ಅರ್ಧಕ್ಕೆ ಇಳಿಸಿ ರಾಜಿ ಮಾಡಿಸಿದವರೂ ಇದ್ದಾರೆ. ಆ ಎರಡನೆಯವರು ನಿಜವಾದ ನಿಪುಣರು. ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಕಾಣುವುದು ಬೇರೆ ಮೂರು ಸಂಗತಿಗಳು. ಮೊದಲನೆಯದು, ನಿಮ್ಮಂಥ ಕೇಸು ಅವರ ಪಟ್ಟಿಯಲ್ಲಿ ಎಷ್ಟಿದೆ. ಚೆಕ್ ಬೌನ್ಸ್ ಪ್ರಕರಣಗಳೇ ತುಂಬಿರುವ ಪಟ್ಟಿ ಹಿಡಿದು ಪಾಲಿನ ದಾವೆಗೆ ಹೋಗುವುದು ಸರಿಯಲ್ಲ. ಎರಡನೆಯದು, ವಿಲೇವಾರಿಯ ಬಗೆ. ವಿವಾದ ನಡೆದು ತೀರ್ಪಾದದ್ದು, ರಾಜಿಯಾದದ್ದು, ವಾದಿಯ ಕಡೆಯವರು ಹಾಜರಾಗದೆ ವಜಾ ಆದದ್ದು ಎಂದು ಅಲ್ಲಿ ದಾಖಲಾಗಿರುತ್ತದೆ. ಗೈರುಹಾಜರಿಯಿಂದ ವಜಾ ಆದ ಒಂದೆರಡು ಪ್ರಕರಣ ಎಲ್ಲರಲ್ಲೂ ಇರಬಹುದು, ಕಕ್ಷಿದಾರರೇ ಕೈಬಿಟ್ಟಿರಬಹುದು. ಸಾಲು ಸಾಲಾಗಿದ್ದರೆ ಅದಕ್ಕಿಂತ ಜೋರಾಗಿ ಯಾವ ಒಂದು ನಕ್ಷತ್ರದ ವಿಮರ್ಶೆಯೂ ಮಾತನಾಡಲಾರದು. ಅಂಥ ದಾವೆಯನ್ನು ಮತ್ತೆ ಜೀವಂತ ಮಾಡಲು ಅರ್ಜಿ ಹಾಕುವ ಅವಧಿ ಬರೀ 30 ದಿನ.

ಮೂರನೆಯದು ದಿನದಿನದ ಕಲಾಪ. ಪ್ರಕರಣವನ್ನು ತೆರೆದು ವಾಯಿದೆಯ ದಿನಾಂಕಗಳನ್ನು ಒತ್ತಿದರೆ ಆ ದಿನ ಏನು ನಡೆಯಿತೆಂಬ ಎರಡು ಸಾಲು ಬರುತ್ತವೆ. ಸಾಕ್ಷಿ ಹಾಜರಿದ್ದರು, ಪಾಟೀಸವಾಲಿಗೆ ಕಾಲಾವಕಾಶ ಕೋರಲಾಗಿದೆ, ದಂಡ ವಿಧಿಸಿ ಮುಂದೂಡಲಾಗಿದೆ ಎಂಬಂಥ ಸಾಲುಗಳು. ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಹೇಳುತ್ತದೆ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತದೆಂದು ಎಲ್ಲರಿಗೂ ಗೊತ್ತು. ಸಮಯ ಕೇಳಿದವರು ಯಾವ ಕಡೆಯವರು ಎಂಬುದನ್ನು ಗಮನಿಸಿ. ಪ್ರತಿವಾದಿಯ ಪರ ವಕೀಲರಿಗೆ ಎಳೆಯುವುದೇ ತಂತ್ರವಾಗಿರಬಹುದು, ವಾದಿಯ ಪರ ಇರುವವರು ಮೇಲಿಂದ ಮೇಲೆ ಕಾಲಾವಕಾಶ ಕೇಳುತ್ತಿದ್ದರೆ ಮಾತ್ರ ಯೋಚಿಸಬೇಕು.

ಈ ದಾರಿಗೂ ಮಿತಿಯಿದೆ. ಕೌಟುಂಬಿಕ ಪ್ರಕರಣಗಳ, ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳ ವಿವರ ಎಲ್ಲರಿಗೂ ತೆರೆದಿರುವುದಿಲ್ಲ, ತೆರೆದಿರಲೂ ಬಾರದು. ನ್ಯಾಯಾಲಯದ ಹೊರಗೇ ಮುಗಿಯುವ ಕೆಲಸ, ಅಂದರೆ ಪತ್ರ ಪರಿಶೀಲನೆ, ಕರಾರು, ಉಯಿಲು, ಇಲ್ಲಿ ದಾಖಲಾಗುವುದೇ ಇಲ್ಲ. ಹೈಕೋರ್ಟು ಅಧಿಕೃತವಾಗಿ ಪದನಾಮ ಕೊಟ್ಟ ‘ಹಿರಿಯ ವಕೀಲರು’ ತಾವಾಗಿ ವಕಾಲತ್ತು ಹಾಕುವುದಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ವಾದಕ್ಕೆ ಬರುತ್ತಾರೆ. ಅವರನ್ನು ಈ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ದಾಖಲೆಯ ಮುಂದಿನ ಹೆಜ್ಜೆ ಕಣ್ಣಾರೆ ನೋಡುವುದು. ಸಾಮಾನ್ಯವಾಗಿ ನಮ್ಮ ನ್ಯಾಯಾಲಯಗಳು ತೆರೆದ ನ್ಯಾಯಾಲಯಗಳೇ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಅವರ ಕೇಸು ಯಾವ ಹಾಲ್‌ನಲ್ಲಿದೆ ಎಂದು ಇ-ಕೋರ್ಟ್ಸ್‌ನ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಹೇಳುತ್ತದೆ. ಹೈಕೋರ್ಟಿನ ವಕೀಲರಾದರೆ ಊರು ಬಿಡಬೇಕಾಗಿಯೂ ಇಲ್ಲ. ನೇರ ಪ್ರಸಾರದ ನಿಯಮಗಳು ಕರ್ನಾಟಕದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿವೆ, ಪೀಠಗಳ ಕಲಾಪ ಯೂಟ್ಯೂಬ್‌ನಲ್ಲಿ ಬರುತ್ತದೆ. ನ್ಯಾಯಮೂರ್ತಿಗಳು ಕಡತದ ಪುಟ ಕೇಳಿದಾಗ ತಡಕಾಡುವವರು ಯಾರು, ಪ್ರಶ್ನೆಗೆ ನೇರ ಉತ್ತರ ಕೊಡುವವರು ಯಾರು ಎಂದು ತಿಳಿಯಲು ಕಾನೂನು ಓದಿರಬೇಕಿಲ್ಲ.

ಸನ್ನದು ಇದೆಯೇ?

ಕಪ್ಪು ಕೋಟು ತೊಟ್ಟವರೆಲ್ಲರೂ ವಕೀಲರಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಇದೆಯೇ, ಅಮಾನತಿನಲ್ಲಿಲ್ಲವೇ ಎಂದು ವಿಚಾರಿಸುವುದು ಆಯ್ಕೆಯ ವಿಧಾನವಲ್ಲ, ಎಲ್ಲ ವಿಧಾನಕ್ಕೂ ಮೊದಲಿನ ಬಾಗಿಲು. ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಹಣವಿಲ್ಲದಿದ್ದರೆ, ಕೆಲವೊಮ್ಮೆ ಇದ್ದರೂ

ಕಾನೂನು ಸೇವಾ ಪ್ರಾಧಿಕಾರವನ್ನು ಹೋಲಿಕೆಯಲ್ಲಿ ಸೇರಿಸದಿರುವುದು ನಮ್ಮ ಮಧ್ಯಮ ವರ್ಗದ ಹಮ್ಮು. 1987ರ ಅಧಿನಿಯಮದ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ನ್ಯಾಯಾಲಯದ ಆವರಣದಲ್ಲಿಯೇ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿದರೂ ಸಾಕು.

ವಕೀಲರನ್ನು ಪ್ರಾಧಿಕಾರ ನೇಮಿಸುವುದರಿಂದ ಆಯ್ಕೆಯ ಸ್ವಾತಂತ್ರ್ಯ ಕಡಿಮೆ. ಜೀವನಾಂಶ, ಕೌಟುಂಬಿಕ ದೌರ್ಜನ್ಯ, ಜಾಮೀನಿನಂಥ ಪ್ರಕರಣಗಳಿಗೆ ನಾನು ಇದನ್ನೇ ಮೊದಲು ಸೂಚಿಸುತ್ತೇನೆ. ಕೋಟಿಗಟ್ಟಲೆ ಬೆಲೆಯ ಜಮೀನಿನ ಜಟಿಲ ದಾವೆಗೆ ಸೂಚಿಸುವುದಿಲ್ಲ. ಇನ್ನು ಬಿಲ್ಡರ್ ಮೇಲೆ, ಅಂಗಡಿಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವವರಿಗೆ ವಕೀಲರೇ ಕಡ್ಡಾಯವಲ್ಲ, ಸ್ವತಃ ವಾದಿಸಬಹುದು.

ಯಾವ ಕೆಲಸಕ್ಕೆ ಯಾವ ದಾರಿ

ನಿವೇಶನ ಕೊಳ್ಳುವ ಮೊದಲು ಪತ್ರಗಳ ಕಾನೂನು ಅಭಿಪ್ರಾಯ ಬೇಕಿದ್ದರೆ ಇ-ಕೋರ್ಟ್ಸ್ ಕೆಲಸಕ್ಕೆ ಬಾರದು. ಅಲ್ಲಿ ಶಿಫಾರಸು ಮತ್ತು ವಿವರವಾದ ವಿಮರ್ಶೆಗಳೇ ಗತಿ. ಜೊತೆಗೆ ಒಂದು ಪರೀಕ್ಷೆ: ಅವರು ಹಿಂದೆ ಬರೆದ ಅಭಿಪ್ರಾಯದ ಮಾದರಿಯೊಂದನ್ನು ಹೆಸರು ಅಳಿಸಿ ತೋರಿಸಲು ಕೇಳಿ. ಕ್ರಯಪತ್ರದ ಸರಪಳಿ, ಋಣಭಾರ ಪ್ರಮಾಣಪತ್ರ, ಭೂ ಪರಿವರ್ತನೆ ಆದೇಶ, ಖಾತೆ, ಕುಟುಂಬದ ವಂಶವೃಕ್ಷ ಒಂದೊಂದನ್ನೂ ಬಿಡಿಸಿ ಬರೆದಿದ್ದಾರೋ, ‘ಹಕ್ಕು ಸ್ಪಷ್ಟವಾಗಿದೆ’ ಎಂದು ಒಂದೇ ಪುಟದಲ್ಲಿ ಮುಗಿಸಿದ್ದಾರೋ ನೋಡಿ.

ಚೆಕ್ ಬೌನ್ಸ್ ಪ್ರಕರಣದಲ್ಲಿ ನಕ್ಷತ್ರದ ತಾಣ ಸಾಕು, ಮೊದಲ ಭೇಟಿಯಲ್ಲಿ ದಿನಾಂಕಗಳನ್ನು ಅವರಾಗಿಯೇ ಕೇಳುತ್ತಾರೋ ಗಮನಿಸಿದರೆ. ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ದಿನಾಂಕ ಕೇಳದೆ ಫೀಸಿನ ಮಾತಿಗೆ ಬಂದವರನ್ನು ಬಿಡಿ. ಪಾಲಿನ ದಾವೆ, ಸ್ವಾಧೀನದ ತಕರಾರು, ಕೊಲೆ ಅಥವಾ ಮೋಸದ ಆರೋಪದಂಥ ಪ್ರಕರಣಗಳಿಗೆ ನಕ್ಷತ್ರವನ್ನು ಮರೆತು ದಾಖಲೆ ಮತ್ತು ಕೋರ್ಟಿನ ಬೆಂಚು ಹಿಡಿಯಿರಿ. ವಿಚ್ಛೇದನ ಇವೆರಡರ ನಡುವಿನದು. ದಾಖಲೆ ಕಾಣುವುದಿಲ್ಲ, ನಡವಳಿಕೆಯೇ ಮುಖ್ಯ. ಆದ್ದರಿಂದ ವಿಮರ್ಶೆಗಳಿಗೆ ನಿಜವಾಗಿ ತೂಕ ಬರುವುದು ಇಲ್ಲಿಯೇ, ಅದರಲ್ಲೂ ಹೆಂಗಸರು ಬರೆದ ವಿಮರ್ಶೆಗಳಿಗೆ.

ಮೋಟಾರು ಅಪಘಾತದ ಪರಿಹಾರದಲ್ಲಿ ‘ಈಗ ಏನೂ ಕೊಡಬೇಡಿ, ಬಂದ ಹಣದಲ್ಲಿ ಇಷ್ಟು ಪಾಲು’ ಎಂಬ ಮಾತು ಕೇಳಿಬರುತ್ತದೆ. ಫಲಿತಾಂಶಕ್ಕೆ ಫೀಸನ್ನು ಕಟ್ಟಿಹಾಕುವುದನ್ನು ವಕೀಲರ ಪರಿಷತ್ತಿನ 20ನೇ ನಿಯಮ ನಿಷೇಧಿಸಿದೆ. ಗೆಲುವಿನ ಖಾತರಿ ಕೊಡುವವರದ್ದೂ ಇದೇ ಜಾತಿ.

ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ವಲಸೆ ವಕೀಲರನ್ನು ಹುಡುಕಿದ ಅಭ್ಯಾಸದಲ್ಲೇ ಊರಿನ ಆಸ್ತಿಯ ಕೇಸಿಗೂ ಹುಡುಕುತ್ತಾರೆ. ಎರಡೂ ವ್ಯವಸ್ಥೆ ಬೇರೆ. ಅಲ್ಲಿ 1977ರಿಂದ ವಕೀಲರ ಜಾಹೀರಾತಿಗೆ ಅವಕಾಶವಿದೆ. ಆವೊ ಎಂಬ ತಾಣ 2007ರಿಂದ ವಕೀಲರಿಗೆ ಹತ್ತರಲ್ಲಿ ಅಂಕ ಕೊಡುತ್ತಿದೆ. ಅದರ ವಿರುದ್ಧ ವಕೀಲರು ಹೂಡಿದ ಮೊಕದ್ದಮೆಯನ್ನು ಅದೇ ವರ್ಷ ನ್ಯಾಯಾಲಯ, ಅಂಕವೆಂಬುದು ಅಭಿಪ್ರಾಯ ಎಂದು ವಜಾ ಮಾಡಿತು. ಆ ಅಂಕ ಅನುಭವ, ಸಹವೃತ್ತಿಯವರ ಮನ್ನಣೆ, ಶಿಸ್ತುಕ್ರಮಗಳಂಥ ವಿವರಗಳ ಮೇಲೆ ನಿಂತಿದೆ, ಕಕ್ಷಿದಾರರ ನಕ್ಷತ್ರಗಳು ಅದರ ಪಕ್ಕದಲ್ಲಿ ಬೇರೆಯೇ ಇರುತ್ತವೆ. ಎರಡನ್ನೂ ಒಂದೆಂದು ಓದಬಾರದು.

ಆಯ್ಕೆ ಕೈಕೊಟ್ಟರೆ

ವಕೀಲರು ಕೆಲಸ ಕೆಡಿಸಿದರೆ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಈಗಲೂ ಹಲವರು ನಂಬಿದ್ದಾರೆ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆ ಹೇಳಿತ್ತು ನಿಜ. 2024ರ ಮೇ 14ರಂದು ಸುಪ್ರೀಂ ಕೋರ್ಟು ಆ ಬಾಗಿಲನ್ನು ಮುಚ್ಚಿತು: ವಕೀಲಿ ಕೆಲಸ ಕಕ್ಷಿದಾರರ ನಿಯಂತ್ರಣದಲ್ಲಿ ನಡೆಯುವ ವೈಯಕ್ತಿಕ ಸೇವೆಯ ಕರಾರು, ಗ್ರಾಹಕ ಕಾನೂನಿಗೆ ಅದು ಒಳಪಡದು ಎಂದು. ವೈದ್ಯರು 1995ರ ತೀರ್ಪಿನಿಂದ ಗ್ರಾಹಕ ಕಾನೂನಿನ ಅಡಿ ಇದ್ದಾರೆ, ವಕೀಲರು ಇಲ್ಲ. ನನಗೆ ಈ ತಾರತಮ್ಯ ಸರಿ ಕಾಣುವುದಿಲ್ಲ, ಆದರೆ ಇಂದಿನ ಕಾನೂನು ಅದೇ.

ಉಳಿದಿರುವ ದಾರಿಗಳಲ್ಲಿ ಒಂದು, ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಸಿವಿಲ್ ದಾವೆ. ಒಬ್ಬ ವಕೀಲರ ಮೇಲೆ ದಾವೆ ಹೂಡಲು ಇನ್ನೊಬ್ಬರನ್ನು ಹುಡುಕಬೇಕು. ಇನ್ನೊಂದು, ವಕೀಲರ ಅಧಿನಿಯಮ 1961ರ 35ನೇ ಕಲಮಿನ ಅಡಿ ರಾಜ್ಯ ವಕೀಲರ ಪರಿಷತ್ತಿಗೆ ದುರ್ನಡತೆಯ ದೂರು. ಛೀಮಾರಿಯಿಂದ ಹಿಡಿದು ಸನ್ನದು ರದ್ದಿನವರೆಗೆ ಶಿಕ್ಷೆಯಿದೆ. ಒಂದು ವರ್ಷದಲ್ಲಿ ತೀರ್ಮಾನವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಹಣ ನುಂಗಿದ್ದು, ಎದುರು ಪಕ್ಷದೊಂದಿಗೆ ಕೈಜೋಡಿಸಿದ್ದು, ಕಡತ ಕೊಡದಿರುವುದು ಇಲ್ಲಿನ ವಿಷಯ. ಕೇಸು ಸೋತದ್ದು ಇಲ್ಲಿನ ವಿಷಯವಲ್ಲ.

ವಿಮರ್ಶೆ ಬರೆಯುವುದು ಇವೆಲ್ಲಕ್ಕಿಂತ ಸುಲಭ, ಆದ್ದರಿಂದಲೇ ಜನ ಅದನ್ನು ಮೊದಲು ಮಾಡುತ್ತಾರೆ. ಕೊನೆಗೆ ಮಾಡಬೇಕು. ಪ್ರಕರಣ ನಡೆಯುತ್ತಿರುವಾಗ ‘ನನ್ನ ಸಾಕ್ಷಿಯನ್ನು ಸಿದ್ಧಪಡಿಸಲೇ ಇಲ್ಲ, ಮೂಲ ಕರಾರು ಕಳೆದುಹಾಕಿದರು’ ಎಂದು ಬರೆದರೆ ಅದನ್ನು ಎದುರು ಪಕ್ಷದ ವಕೀಲರೂ ಓದುತ್ತಾರೆ. ಮೊದಲು ಕಡತವನ್ನು ವಾಪಸ್ ಪಡೆಯಿರಿ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ವಕೀಲರು ಕಡತವನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಹೇಳಿದೆ. ವಕಾಲತ್ತು ಬದಲಿಸಲು ಹಳೆಯ ವಕೀಲರ ನಿರಾಕ್ಷೇಪಣೆ ಪಡೆಯಿರಿ, ಕೊಡದಿದ್ದರೆ ಹೊಸ ವಕೀಲರ ಮೂಲಕ ನ್ಯಾಯಾಲಯದ ಅನುಮತಿ ಕೇಳಿ. ಪರಿಷತ್ತಿಗೆ ದೂರು ಕೊಡುವುದಿದ್ದರೆ ಕೊಡಿ. ಆಮೇಲೆ ಬರೆಯಿರಿ, ರಸೀದಿಯಿಂದಲೋ ವಾಯಿದೆಯ ದಾಖಲೆಯಿಂದಲೋ ತೋರಿಸಬಹುದಾದಷ್ಟನ್ನು ಮಾತ್ರ. ‘ಆರು ವಾಯಿದೆಗಳಲ್ಲಿ ನಾಲ್ಕಕ್ಕೆ ಯಾರೂ ಬರಲಿಲ್ಲ’ ಎಂಬುದನ್ನು ತೋರಿಸಬಹುದು. ‘ಎದುರಿನವರಿಂದ ದುಡ್ಡು ತಿಂದರು’ ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟ ಪ್ರಕರಣದಲ್ಲಿ ನೀವೇ ಆರೋಪಿ, ಮತ್ತೆ ವಕೀಲರನ್ನು ಹುಡುಕಬೇಕಾದವರೂ ನೀವೇ.